ಡಾಕ್ಟರು ತುಂಬದ ಸೀಸೆ

ಗೆಳೆಯರೇ, ತಿಂಗಳುಗಳಿಂದ ಮಂಕಾಗಿ ಗೋಡೆ ನೋಡುತ್ತ ಕೂರುವ ಭಾವನನ್ನು ಅಕ್ಕನೂ ನಾನೂ ಇಂದು ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು. ತಾಯತ ಕಟ್ಟಿಸಿದ್ದೂ ಆಗಿತ್ತು. ಔಷಧಿಗೆಂದು ಅಕ್ಕ ಸೀಸೆ ತೊಳೆದು ತಂದಿದ್ದಳು.

“ಸಾಯೋಣ ಅನ್ನಿಸುತ್ತಾ?” ಎಂದು ಡಾಕ್ಟರು ಕೇಳಿದರು.

“ಅನ್ನಿಸ್ತದೆ,” ಎಂದರು ಭಾವ.

ಒಬ್ಬರನ್ನೇ ಬಿಡಬೇಡಿ, ವಾರವಾರ ಕರೆತನ್ನಿ ಎಂದ ಡಾಕ್ಟರು ಸೀಸೆಯನ್ನು ಮುಟ್ಟಲೇ ಇಲ್ಲ.

ಶ್ರೀನಿವಾಸಪುರಕ್ಕೆ ಪೆಟ್ರೋಲಿನ ಬದಲು ಇದ್ದಿಲ ಅನಿಲದಿಂದ ಓಡುವ ಬಸ್ಸಿನಲ್ಲಿ ಮರಳುವಾಗ ಅಕ್ಕ ಪಿಸುಗುಟ್ಟಿದಳು: “ನಂಗ್ಯಾಕೋ ಅನುಮಾನ ಕಣೋ. ಸೀಸೆಗೆ ಒಂದು ತೊಟ್ಟು ಹಾಕ್ಲಿಲ್ಲ, ಇಲ್ಲದ್ದನ್ನ ಇವರ ತಲೇಲಿ ತುಂಬಿ ಕಳಿಸ್ದ.”

ಭಾವ ಕಿಟಕಿಯಿಂದ ತಿರುಗಿದರು. “ಆತ ತುಂಬಲಿಲ್ಲ ಕಣೇ, ಮೊದಲೇ ಇತ್ತು. ನೀವ್ಯಾರೂ ಕೇಳ್ಲಿಲ್ಲ, ಆತ ಕೇಳ್ದ. ಮುಂದಿನ ವಾರಾನೂ ಹೋಗೋಣ.”

ಅಕ್ಕನ ಅನುಮಾನವೇನೂ ಹೋಗಿಲ್ಲ. ಮುಂದಿನ ವಾರ ಇನ್ನೂ ದೊಡ್ಡ ಸೀಸೆ ತರುತ್ತಾಳಂತೆ.