ಸುಧಾರಿಸ್ಕ ಅನ್ನುತ್ತಿದ್ದ ದೊಡ್ಡವ್ವ

ಮೊನ್ನೆ ಸೊರಬದಲ್ಲಿ ಶಿಕಾರಿಪುರದ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕೂತ ಹೆಂಗಸಿನ ತೊಡೆಯ ಮೇಲೊಂದು ಕರಿ ಕಂಬಳಿಯಿತ್ತು. ಹೊಸದಲ್ಲ, ಕುರಿಗಳ ಜೊತೆ ಊರೂರು ತಿರುಗಿದ ಕಂಬಳಿ. ಉಣ್ಣೆ, ಹೊಗೆ, ಕುರಿ ಹಿಕ್ಕೆ ಎಲ್ಲ ಬೆರೆತ ಆ ವಾಸನೆಗೆ ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನಷ್ಟು ಹತ್ತಿರ ಸರಿದು ಕೂತೆ. ನಮ್ಮ ಹಿಂದಲ ಮನೆಯ ದೊಡ್ಡವ್ವನ ವಾಸನೆ ಅದು...

ದೊಡ್ಡವ್ವ ನಮಗೆ ರಕ್ತಸಂಬಂಧಿಯೇನಲ್ಲ. ಉಡುತಡಿಯಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಅವರ ಮನೆ. ಗಂಡ ಹೆಂಡತಿ ಕುರಿ ಸಾಕಿಕೊಂಡಿದ್ದರು, ಸ್ವಂತ ಹೊಲ ಗೇಣಷ್ಟೂ ಇರಲಿಲ್ಲ. ಅವಳ ಬಾಯಲ್ಲಿ ಸದಾ ಒಂದೇ ಮಾತು: "ಸುಧಾರಿಸ್ಕ." ಕೊಡ ಹೊತ್ತು ಏದುಸಿರು ಬಿಡುತ್ತ ಬಂದವಳಿಗೂ ಅದೇ, ಗಂಡನ ಮನೆಯಿಂದ ಅತ್ತುಕೊಂಡು ಬಂದವಳಿಗೂ ಅದೇ. ನನಗೋ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಸಿಟ್ಟು. ಮನೆಯವರು "ಸುಮ್ನಿರು" ಅಂದರೆ ಇನ್ನೂ ಉರಿಯುತ್ತಿತ್ತು. "ಸಮಾಧಾನ ಮಾಡ್ಕ" ಅಂದರಂತೂ ಆದದ್ದನ್ನು ನುಂಗಿಕೋ ಅಂದ ಹಾಗೆ ಕೇಳುತ್ತಿತ್ತು. ದೊಡ್ಡವ್ವನ ಮಾತು ಹಾಗಲ್ಲ. ಸಿಟ್ಟು ನಿನ್ನದೇ, ಇಟ್ಟುಕೋ, ಯಾರೂ ಕಸಿಯುವುದಿಲ್ಲ. ಮೊದಲು ಉಸಿರು ತಿರುಗಲಿ. ಅಷ್ಟೇ ಅದರ ಅರ್ಥ.

ಒಂದು ವರ್ಷ ಅಪ್ಪನಿಗೂ ಚಿಕ್ಕಪ್ಪನಿಗೂ ಹಿಸ್ಸೆಯಾಯಿತು. ಹೊಲದ ನಡುವೆ ಹೊಸ ಬದು ಎದ್ದಿತು, ಅಣ್ಣತಮ್ಮಂದಿರ ಮಾತು ನಿಂತಿತು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಮಂದೆ ಹೊಲದಲ್ಲೇ ಮಲಗಿ ಎದ್ದರೆ ಮುಂದಿನ ಬೆಳೆಗೆ ಅದೇ ಗೊಬ್ಬರ. ಆ ಸಲವೂ ಅಪ್ಪ ದೊಡ್ಡವ್ವನ ಗಂಡನಿಗೆ ಹೇಳಿಟ್ಟಿದ್ದರು. ಬೆಳಿಗ್ಗೆ ಹೋಗಿ ನೋಡುತ್ತಾರೆ, ಹಿಕ್ಕೆಯೆಲ್ಲ ಬದುವಿನ ಆಚೆ, ಚಿಕ್ಕಪ್ಪನ ಪಾಲಿನಲ್ಲಿ!

ತಮ್ಮನೇ ಕುರಿಯವನನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ ಅಂತ ಅಪ್ಪ ತೀರ್ಮಾನಿಸಿಬಿಟ್ಟರು. ಓಡುತ್ತ ಮನೆಗೆ ಬಂದವರೇ ಮೂಲೆಯಲ್ಲಿದ್ದ ಬಡಿಗೆ ಎತ್ತಿಕೊಂಡರು. ಅವ್ವ ಅಡ್ಡ ನಿಂತು ಅಳುತ್ತಿದ್ದಳು. ಚಿಕ್ಕಪ್ಪನೇನು ಕಮ್ಮಿಯೇ? ಅವತ್ತು ಒಂದು ಏಟು ಬಿದ್ದಿದ್ದರೂ ಈ ಜನ್ಮದಲ್ಲಿ ಎರಡು ಮನೆ ಕೂಡುತ್ತಿರಲಿಲ್ಲ.

ಗಲಾಟೆ ಕೇಳಿ ದೊಡ್ಡವ್ವ ಹಿತ್ತಲಿನಿಂದ ಬಂದಳು. "ತಮ್ಮಾ, ಕುಂದ್ರು. ಸುಧಾರಿಸ್ಕ. ಹಿಂಗೆ ತೇಕ್ತಾ ಹೋದ್ರೆ ಹೊಡೆಯೋದಿರ್ಲಿ, ಬಯ್ಯಾಕೂ ಆಗಲ್ಲ ನಿನಗೆ. ಬಡಿಗೆ ಇತ್ತ ಕೊಡು, ಹೋಗೋವಾಗ ನಾನೇ ಕೊಡ್ತೀನಿ."

ಅಷ್ಟು ಸಿಟ್ಟಿನಲ್ಲೂ ಅಪ್ಪನಿಗೆ ನಗು ಬಂತೋ ಏನೋ, ಜಗಲಿಯ ಮೇಲೆ ಕುಸಿದು ಕೂತರು. ದೊಡ್ಡವ್ವ ಬಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಳು. ತಪ್ಪು ಅವಳ ಗಂಡನದೇ ಅಂತ ಅವಳಿಗೆ ಗೊತ್ತಿತ್ತು, ಎದೆ ಅವಳದೂ ಹೊಡೆದುಕೊಳ್ಳುತ್ತಿದ್ದಿರಬೇಕು. ಆದರೂ ಅಪ್ಪನ ಉಸಿರು ಹದಕ್ಕೆ ಬರುವವರೆಗೆ ತುಟಿ ಬಿಚ್ಚಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು:

"ನಮ್ಮನೇರು ವರ್ಷಾ ವರ್ಷಾ ನಿಲ್ಲಿಸ್ತಿದ್ದ ಜಾಗದಾಗೇ ನಿಲ್ಸ್ಯಾರೆ ಕಣಪ್ಪ. ಬದು ಕಂಡಿದ್ರೂ, ಅವರ ಪಾಲಿಗೆ ಅದು ಇನ್ನೂ ಒಂದೇ ಹೊಲ. ತಪ್ಪು ನಮ್ದು. ಇವತ್ತು ಈ ಕಡೆ ನಿಲ್ಲಿಸ್ತೀವಿ."

ಅಪ್ಪ ಬಡಿಗೆಯನ್ನು ಮತ್ತೆ ಕೇಳಲಿಲ್ಲ. ಸಂಜೆ ನಮ್ಮ ಪಾಲಿನಲ್ಲಿ ಕುರಿಗಳಿಗೆ ಗೂಟ ಹೊಡೆಯುವಾಗ, ವಿಷಯ ತಿಳಿದ ಚಿಕ್ಕಪ್ಪ ಕರೆಯದೇ ಬಂದು ದೂರದಲ್ಲಿ ನಿಂತರು. "ಆ ಗೂಟ ಇತ್ತ ಕೊಡೋ" ಅಂದರು ಅಪ್ಪ, ಮುಖ ಎತ್ತದೆ. ಹಿಸ್ಸೆಯಾದ ಮೇಲೆ ತಮ್ಮನ ಜೊತೆ ಆಡಿದ ಮೊದಲ ಮಾತದು.

ಮುಂದೆ ನನ್ನನ್ನು ಸೊರಬದ ಕಡೆ ಹೊಸಬಾಳೆಗೆ ಕೊಟ್ಟರು. ದೊಡ್ಡವ್ವ ತೀರಿಕೊಂಡಳೆಂದು ಸುದ್ದಿ ಬಂದಾಗ ಓಡಿ ಬಂದೆ. ಹೂಳಲು ಅವರಿಗೆ ಸ್ವಂತ ಜಾಗವಿರಲಿಲ್ಲ. ನನ್ನ ಹೊಲದಲ್ಲಿ ಅಂದರು ಅಪ್ಪ. ಹ್ಯಾಗಾಗುತ್ತೆ, ನನ್ನ ಹೊಲದಲ್ಲಿ ಅಂದರು ಚಿಕ್ಕಪ್ಪ. ಹೆಣದ ಮುಂದೆಯೇ ಮತ್ತೆ ಜಗಳ! ಕೊನೆಗೆ ಇಬ್ಬರೂ ಸೇರಿ ನಡುವಿನ ಬದುವನ್ನೇ ಅಗಲ ಮಾಡಿ ಅವಳನ್ನು ಅಲ್ಲಿ ಮಣ್ಣು ಮಾಡಿದರು.

ಈಗ ಅಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಹಿಂದಲ ಮನೆ ಬಿದ್ದುಹೋಗಿದೆ. ಉಳುವಾಗ ನನ್ನ ತಮ್ಮ ದೊಡ್ಡವ್ವನನ್ನು ಹೂಳಿದ ಬದುವಿನ ಹತ್ತಿರ ಟ್ರ್ಯಾಕ್ಟರ್ ನಿಧಾನ ಮಾಡಿ ತಿರುಗಿಸಿಕೊಳ್ಳುತ್ತಾನಂತೆ. ಮೊನ್ನೆ ಆ ಬಸ್ಸಿಳಿದು ತವರಿಗೆ ಹೋದವಳು ಮನೆಯೊಳಗೆ ಕಾಲಿಡುವ ಮೊದಲೇ ಹೊಲಕ್ಕೆ ಹೋದೆ. ಬದುವಿನ ಮೇಲೆ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಇಷ್ಟು ವರ್ಷ ಒಳಗೇ ಇಟ್ಟುಕೊಂಡ ಸಿಟ್ಟುಗಳನ್ನೆಲ್ಲ ದೊಡ್ಡವ್ವನ ಹತ್ತಿರ ಹೇಳಿಕೊಳ್ಳಬೇಕೆಂದು ಕೂತೆ... ಬಾಯಿ ತೆರೆದರೆ ಬರೀ ಅಳು ಬಂತು.