ಜಗಲಿ ಖಾಲಿ ಇರಬೇಕು

ನಾಗಮಂಗಲದ ಹಳ್ಳಿಯೊಂದರಲ್ಲಿ ಹುಟ್ಟಿದ ಪ್ರೊಫೆಸರ್ ಚಂದ್ರಕಲಾ ಜಪಾನಿನ ಮನೆಗಳ ಅಧ್ಯಯನಕ್ಕೇ ಜೀವ ತೇದವರು. ಅಲ್ಲಿನ ಮರದ ಜಗಲಿಯೂ ನಮ್ಮೂರ ಜಗಲಿಯೂ ಅಕ್ಕತಂಗಿಯರು, ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗ ಎಲ್ಲರದ್ದು ಎಂದು ಕ್ಯೋಟೋದಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು. ಮುಟ್ಟಾದಾಗಲೆಲ್ಲ ತಾನೂ ಅದೇ ಜಗಲಿಯಲ್ಲಿ ತಟ್ಟೆ ಹಿಡಿದು ಕೂತದ್ದನ್ನು ಮಾತ್ರ ಮಹಾತಾಯಿ ಎಲ್ಲೂ ಬರೆಯಲಿಲ್ಲ.

ಈ ವರ್ಷ ಜಪಾನಿನ ಅತಿಥಿಗಳನ್ನು ತವರುಮನೆ ತೋರಿಸಲು ಕರೆತಂದರು. ಜಗಲಿಯ ಮೂಲೆಯಲ್ಲಿ ಅಣ್ಣನ ಮಗಳು ತನುಶ್ರೀ ಮುಟ್ಟಾಗಿ ಕೂತಿದ್ದಳು.

"ಏಳೇ, ಫೋಟೋ ತೆಗೀಬೇಕು. ಜಗಲಿ ಖಾಲಿ ಇರ್ಬೇಕು," ಎಂದರು ಪ್ರೊಫೆಸರು.

"ಒಳಕ್ಕೆ ಅಜ್ಜಿ ಬುಡಕಿಲ್ಲ. ಎಲ್ಲಿಗೋಗ್ಲಿ ಅತ್ತೆ?"

ಪ್ರೊಫೆಸರು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದರು: "ಕೊಟ್ಟಿಗೆ ಐತಲ್ಲ."