ಅಂಗಳಕ್ಕೆ ಬೆನ್ನು ಮಾಡಿ ಕುಳಿತ ಕಾಕು

ಕಳೆದ ವಾರ ವಿಜಯಪುರದ ನಮ್ಮ ಮನೆಯ ಹಿತ್ತಲಲ್ಲಿ ನಲ್ಲಿ ರಿಪೇರಿಯವನು ಪೈಪು ಕೂಡಿಸುತ್ತಿದ್ದ. ಒಂದು ಪೈಪಿನ ಬಾಯಿ ಸಣ್ಣದಾಯಿತೆಂದು ಹಳೆಯ ಪೇಪರಿಗೆ ಬೆಂಕಿ ಹಚ್ಚಿ ಅದನ್ನು ಕಾಯಿಸತೊಡಗಿದ. ಕಾದ ಪ್ಲಾಸ್ಟಿಕ್ಕಿನ ವಾಸನೆ ಅಡುಗೆಮನೆಯವರೆಗೆ ಬಂತು. ಯಾರಾದರೂ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ನಾನು ಮಾತ್ರ ಒಲೆ ಆರಿಸಿ ಹಿತ್ತಲ ಬಾಗಿಲಿಗೆ ಬಂದು ನಿಂತೆ. ನಾನು ಬೆಳೆದ ಸಿಂದಗಿಯ ನಮ್ಮ ಬಾಜೂ ಮನೆಯ ಕಾಕು ನೆನಪಾಗಿದ್ದರು…

ಸಂಬಂಧದಲ್ಲೇನೂ ಅವರು ಕಾಕು, ಅಂದರೆ ಚಿಕ್ಕಮ್ಮ, ಅಲ್ಲ. ನಡುವೆ ಒಂದು ಗೋಡೆ, ಆಚೆ ಅವರು, ಈಚೆ ನಾವು, ಅಷ್ಟೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಇಂಡಿ ಪಟ್ಟಣದಲ್ಲಿ ನೌಕರಿ ಹಿಡಿದು ಅಲ್ಲೇ ಸಂಸಾರ ಹೂಡಿದ್ದ. ಮನೆಯಲ್ಲಿ ಕಾಕು ಮತ್ತು ಅವರ ಮಗಳು. ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಹುಟ್ಟಿದಾಗಿನಿಂದಲೂ ಅವಳ ಕೈಕಾಲು ಬಿಗಿ; ಎಡಗೈ ಮಾತ್ರ ತುಸು ಹೇಳಿದ ಹಾಗೆ ಕೇಳುತ್ತಿತ್ತು. ಮಾತು ಬರುತ್ತಿತ್ತು, ಆದರೆ ಒಂದೊಂದು ಶಬ್ದಕ್ಕೂ ಕುತ್ತಿಗೆ, ಗಲ್ಲ, ಭುಜ ಎಲ್ಲ ಕೂಡಿ ದುಡಿಯಬೇಕಾಗಿತ್ತು. ಅಷ್ಟು ಹೊತ್ತು ಕಾಯುವ ವ್ಯವಧಾನ ನಮ್ಮ ಓಣಿಯಲ್ಲಿ ಯಾರಿಗಿತ್ತು? ನಮ್ಮ ಕಡೆಯವರು ಸುಮ್ಮನೆ ಮಾತಾಡಿದರೂ ಜಗಳಾಡಿದ ಹಾಗೆ, ಒಬ್ಬರದು ಮುಗಿಯುವ ಮೊದಲೇ ಇನ್ನೊಬ್ಬರದು ಶುರು.

ಕಾಕುವಂತೂ ಕಾಯುತ್ತಲೇ ಇರಲಿಲ್ಲ. ಅಕ್ಕನನ್ನು ಏನು ಕೇಳಿದರೂ ಉತ್ತರ ಬರುತ್ತಿದ್ದುದು ಅವರಿಂದ, ಅದೂ ‘ನಾವು’ ಎಂದು. “ನಮಗ ಚಾ ಬ್ಯಾಡವಾ, ಈಗರೆ ಕುಡದೇವಿ.” “ನಮಗ ಖಾರ ಆಗಿ ಬರಂಗಿಲ್ಲ.” “ನಮಗ ಹಸರ ಬಣ್ಣ ಸೇರಂಗಿಲ್ಲ.” ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅವಳ ಊಟ, ಬಟ್ಟೆ, ನಿದ್ದೆ ಎಲ್ಲ ಇತ್ಯರ್ಥವಾಗಿ ಹೋಗಿರುತ್ತಿತ್ತು. ಪ್ರೀತಿಗೇನೂ ಕೊರತೆ ಇರಲಿಲ್ಲ, ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದರು. ಆದರೂ ನನಗೆ ಒಮ್ಮೊಮ್ಮೆ ಕಾಕುವಿನ ಬಾಯಿಗೆ ಕೈ ಅಡ್ಡ ಹಿಡಿಯಬೇಕು ಅನ್ನಿಸುವಷ್ಟು ಸಿಟ್ಟು ಬರುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಡಿಗ್ರಿ ಓದುತ್ತಿದ್ದೆ. ಕೈಕಾಲಿನ ಕಸರತ್ತು ಮಾಡಿಸುವ ಮೇಡಂ ಒಬ್ಬರು ಆಗ ಬಿಜಾಪುರವೆಂದೇ ಕರೆಯುತ್ತಿದ್ದ ವಿಜಯಪುರದಿಂದ ಸಿಂದಗಿಗೆ ಬಂದುಹೋಗುತ್ತಿದ್ದರು. ಕೈಕಾಲು ಬಿಗಿಯಾದವರು ಕುರ್ಚಿಯಲ್ಲಿ ಕೂತೇ ಆಡುವ ಬೋಚಿಯಾ ಎಂಬ ಆಟದ ಸುದ್ದಿ ತಂದವರು ಅವರೇ. ಮೊದಲು ಒಂದು ಬಿಳಿ ಚೆಂಡನ್ನು ಮುಂದಕ್ಕೆ ಬಿಡುವುದು. ಆಮೇಲೆ ಒಬ್ಬರು ಕೆಂಪು ಚೆಂಡು, ಇನ್ನೊಬ್ಬರು ನೀಲಿ ಚೆಂಡು ಅದರ ಹತ್ತಿರಕ್ಕೆ ಉರುಳಿಸುವುದು. ಯಾರದು ಹೆಚ್ಚು ಹತ್ತಿರ ನಿಂತಿತೋ ಅವರಿಗೆ ಅಂಕ, ಎದುರಾಳಿಯದಕ್ಕಿಂತ ಹತ್ತಿರವಿರುವ ಒಂದೊಂದು ಚೆಂಡಿಗೂ ಒಂದೊಂದು. ಕೈಯಿಂದ ಎಸೆಯಲಾಗದವರು ಒಂದು ಇಳಿಜಾರು ದೋಣಿಯಿಂದ, ಅಂದರೆ ಅರ್ಧ ಸೀಳಿದ ಕೊಳವೆಯಂಥದರಿಂದ, ಚೆಂಡನ್ನು ಜಾರಿಬಿಡಬಹುದು. ದೋಣಿಯನ್ನು ಆಚೀಚೆ ಸರಿಸಿಕೊಡಲು ಒಬ್ಬರು ಸಹಾಯಕರು ಇರಬಹುದು. ಆದರೆ ಸಹಾಯಕರು ಅಂಗಳಕ್ಕೆ ಬೆನ್ನು ಮಾಡಿ, ಆಟಗಾರರ ಕಡೆ ಮುಖ ಮಾಡಿ ಕೂಡಬೇಕು. ತಿರುಗಿ ನೋಡುವಂತಿಲ್ಲ, ಸಲಹೆ ಕೊಡುವಂತಿಲ್ಲ.

“ಅಂದ್ರ ನಾ ಬಾಯಿ ಮುಚಗೊಂಡು ಕೂಡಬೇಕೇನ್ರಿ?” ಎಂದರು ಕಾಕು.

“ಹೌದ್ರಿ. ಅಕಿ ಎಷ್ಟ ಹೇಳ್ತಾಳೋ ಅಷ್ಟ ಮಾಡಬೇಕ್ರಿ.”

ಆಗ ಅಕ್ಕ ನಕ್ಕಿದ್ದನ್ನು ನೋಡಬೇಕಿತ್ತು. ಅವಳು ಕೂತ ಕುರ್ಚಿಯೇ ಗಡಗಡ ಅಲುಗಾಡಿತು.

ನಮ್ಮಪ್ಪನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಅಪ್ಪ ದಪ್ಪ ಪೈಪೊಂದನ್ನು ಉದ್ದಕ್ಕೆ ಸೀಳಿ, ಬೆಂಕಿಗೆ ಹಿಡಿದು ಬಾಗಿಸಿ, ಕಟ್ಟಿಗೆಯ ಸ್ಟೂಲಿಗೆ ಬಿಗಿದು ದೋಣಿ ಮಾಡಿಕೊಟ್ಟರು. ಓಣಿಯೆಲ್ಲ ಆ ವಾಸನೆ ಎರಡು ದಿನ ಇತ್ತು. ಕಾಕು ಹಳೆಯ ಬಟ್ಟೆಗೆ ಜೋಳ ತುಂಬಿ ಚೆಂಡು ಹೊಲಿದರು, ಇಲಿಗಳಿಗೆ ಹಬ್ಬವಾಯಿತು. ಆಮೇಲೆ ಉಸುಕು ತುಂಬಿದರು.

ಅಭ್ಯಾಸ ನಡೆದದ್ದು ಅವರ ಪಡಸಾಲೆಯಲ್ಲಿ. ಫರಸಿ ಕಲ್ಲಿನ ನೆಲ, ತೊಳೆದ ನೀರು ತಾನಾಗಿ ಹರಿದುಹೋಗಲೆಂದು ಎಡಬದಿಯ ಬಚ್ಚಲ ಕಡೆಗೆ ತುಸು ವಾಟ ಕೊಟ್ಟು ಹಾಸಿದ್ದು. ನಮ್ಮ ಕಡೆಯ ಹಳೆಯ ಮನೆಗಳೆಲ್ಲ ಹಾಗೆಯೇ. ಚೆಂಡೂ ನೀರಿನಂತೆ ಬಚ್ಚಲ ಕಡೆಗೇ ಎಳೆಯುತ್ತಿತ್ತು. ಅಕ್ಕ ಗುರಿ ನೋಡಿ ಕಣ್ಣಿನಿಂದ, ಗಲ್ಲದಿಂದ “ಎಡಕ್ಕ… ಇನ್ನಟು… ಸಾಕು” ಎನ್ನುತ್ತಿದ್ದಳು. ಕಾಕು ಅಷ್ಟು ಸರಿಸಿ, ಆಮೇಲೆ ಸುಮ್ಮನೆ ಒಂದು ಬೆರಳಿನಷ್ಟು ಬಚ್ಚಲಿನ ವಿರುದ್ಧ ದಿಕ್ಕಿಗೆ ತಳ್ಳಿಬಿಡುತ್ತಿದ್ದರು. ಆ ಮನೆಯ ನೆಲವನ್ನು ಅಷ್ಟು ವರ್ಷ ತೊಳೆದ ಕೈ ಅದು. ಚೆಂಡು ಸರಿಯಾಗಿ ಹೋಗಿ ನಿಲ್ಲುತ್ತಿತ್ತು, ಅಕ್ಕ ಕೂಗಿ ಸಂಭ್ರಮಿಸುತ್ತಿದ್ದಳು. ಆ ಬೆರಳಿನಷ್ಟರ ಸಹಾಯ ನಮಗ್ಯಾರಿಗೂ ಗೊತ್ತಾಗಲಿಲ್ಲ.

ಪಂದ್ಯ ಬಸವನ ಬಾಗೇವಾಡಿಯಲ್ಲಿ, ಒಂದು ದೊಡ್ಡ ಹಾಲಿನಲ್ಲಿ. ಒಬ್ಬರಿಗೆ ಒಬ್ಬರು ಆಡುವ ಪಂದ್ಯ, ಗೆದ್ದವರು ಬೆಂಗಳೂರಿಗೆ. ಬಿಜಾಪುರ ಬಿಟ್ಟು ಮುಂದಿನ ಊರು ಕಾಣದ ಅಕ್ಕ ವಾರದಿಂದ ನಿದ್ದೆ ಮಾಡಿರಲಿಲ್ಲ. ದೋಣಿಯನ್ನು ಟ್ರ್ಯಾಕ್ಸ್ ಜೀಪಿನ ಮೇಲೆ ಕಟ್ಟಿಕೊಂಡು ಹೊರಟೆವು. ದೇವರ ಹಿಪ್ಪರಗಿಯಲ್ಲಿ ಒಬ್ಬ ಅದನ್ನು ನೋಡಿ, “ಬೋರ್ ಎಲ್ಲಿ ಹೊಡಸೀರಿ?” ಎಂದು ಕೇಳಿದ. ಅಕ್ಕ ದಾರಿಯುದ್ದಕ್ಕೂ ಅದನ್ನೇ ನೆನೆದು ನಕ್ಕಳು.

ಬೆಳಿಗ್ಗೆ ಇಂಡಿಯ ಹುಡುಗಿಯೊಬ್ಬಳ ಎದುರು ಅಕ್ಕ ಸುಲಭವಾಗಿ ಗೆದ್ದಳು. ಕಾಕು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೂತಿದ್ದರು, ಮಾತು ಹೊರಗೆ ಬಾರದಿರಲೆಂದು. ಅಂಗಳದಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ಕಾಣುತ್ತಿದ್ದುದು ಮಗಳ ಮುಖದಲ್ಲಿ ಮಾತ್ರ. ಅಷ್ಟು ದೀರ್ಘವಾಗಿ ಅವರು ಆ ಮುಖವನ್ನು ನೋಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಕೊನೆಯ ಪಂದ್ಯ ಮುದ್ದೇಬಿಹಾಳದ ತರುಣನೊಬ್ಬನೊಂದಿಗೆ. ಅವನು ಗಟ್ಟಿ ಆಟಗಾರ. ಅಕ್ಕನ ಚೆಂಡುಗಳು ಬೆಳಿಗ್ಗೆಯಂತೆಯೇ ತುಸು ಬಲಕ್ಕೆ ಹೋಗಿ ನಿಲ್ಲುತ್ತಿದ್ದವು; ಆ ಹುಡುಗಿಯ ಎದುರು ನಡೆದುಹೋದದ್ದು ಇವನೆದುರು ನಡೆಯಲಿಲ್ಲ. ಅವಳು ಹುಬ್ಬು ಗಂಟಿಕ್ಕಿ ದೋಣಿಯನ್ನೇ ನೋಡಿದಳು. ಮತ್ತೊಂದು ಚೆಂಡು, ಮತ್ತೆ ಬಲಕ್ಕೆ. ಸುತ್ತು ಮುಗಿದು ಕಾಕು ತಿರುಗಿ ನೋಡುವ ಅವಕಾಶ ಬಂದಾಗ, ಮೂರು ನೀಲಿ ಚೆಂಡುಗಳು ಬಿಳಿ ಚೆಂಡಿಗೆ ಅಂಟಿಕೊಂಡಿದ್ದವು. ಅಕ್ಕನ ಕೆಂಪು ದೂರ ಉಳಿದಿತ್ತು.

“ಏನಾತ ಯವ್ವಾ?”

ಅಕ್ಕನ ಮುಖ ಕೆಂಪಾಗಿತ್ತು. “ನೀ… ಸರಿಸಿದಿ.”

“ನೀ ಹೇಳಿದಷ್ಟ ಸರಿಸೇನಲ್ಲ…”

“ಆಮ್ಯಾಲ… ಬೆರಳಷ್ಟ. ನೀ… ಸರಿಸಿದಿ.”

ಕಾಕು ತಮ್ಮ ಕೈಯನ್ನೇ ನೋಡಿಕೊಂಡರು. ಅವರಿಗೂ ಆಗಲೇ ಹೊಳೆದದ್ದು. ಈ ಹಾಲಿನ ನೆಲಕ್ಕೆ ವಾಟವೂ ಇರಲಿಲ್ಲ, ಬಚ್ಚಲೂ ಇರಲಿಲ್ಲ, ಕೈಗೆ ಮಾತ್ರ ಅಭ್ಯಾಸ ಉಳಿದಿತ್ತು. “ಅಯ್ಯ ನನ ಕೈಗಿಷ್ಟ ಬೆಂಕಿ ಹಚ್ಚ…” ಎನ್ನುವಷ್ಟರಲ್ಲಿ ನಿರ್ಣಾಯಕರು ಕೊನೆಯ ಸುತ್ತಿಗೆ ಕರೆದರು.

ಈ ಸುತ್ತಿನಲ್ಲಿ ಕಾಕು ಮಗಳು ಹೇಳಿದಷ್ಟು ದೋಣಿ ಸರಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಅಕ್ಕ ಒಂದೊಂದಾಗಿ ಅಂಕ ಹಿಂದಕ್ಕೆ ಎಳೆದುಕೊಳ್ಳುತ್ತ ಬಂದಳು. ಕೊನೆಯ ಚೆಂಡು ಉಳಿಯಿತು. ಅದು ಬಿಳಿಗೆ ತಾಗಿ ನಿಂತರೆ ಸರಿಸಮ, ಮತ್ತೊಂದು ಸುತ್ತು ಸಿಗುತ್ತಿತ್ತು. ಅಕ್ಕ ಬಹಳ ಹೊತ್ತು ನೋಡಿದಳು. ಎಡಕ್ಕೆ ಅಂದಳು, ಬೇಡ ಅಂದಳು, ಮತ್ತೆ ಎಡಕ್ಕೆ ಅಂದಳು. ಕಾಕು ಅಂದಷ್ಟೂ ಮಾಡಿದರು. ಅಂಗೈ ಬಿಟ್ಟಿತು, ಚೆಂಡು ನೆಟ್ಟಗೆ ಉರುಳಿತು, ಬಿಳಿ ಚೆಂಡಿನ ಪಕ್ಕದಲ್ಲೇ ಹಾದು ಮುಂದೆ ಹೋಗಿಬಿಟ್ಟಿತು.

ಮುದ್ದೇಬಿಹಾಳದವರು ಚಪ್ಪಾಳೆ ತಟ್ಟಿದರು. ಕಾಕು ಎದ್ದವರೇ ಮೇಡಂ, ನಿರ್ಣಾಯಕರು, ಸಿಕ್ಕಸಿಕ್ಕವರ ಮುಂದೆ ಶುರು ಮಾಡಿದರು: “ನಂದ ತಪ್ಪರಿ, ನಾನ ಕೆಡಿಸಿದೆ. ನಮಗ ಇನ್ನೂ ಸರಿಯಾಗಿ ತಿಳಿದಿಲ್ಲರಿ, ನಾವು…”

“ಅವ್ವಾ… ಸುಮ್ಮನಿರು.”

ಹಾಲಿನಲ್ಲಿ ಎಲ್ಲರೂ ತಿರುಗಿದರು. ಅಕ್ಕ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಮೊದಲಿಂದು… ನಿಂದು. ಈ ಚೆಂಡು… ನಂದು. ಸೋತಾಕಿ… ನಾ.”

ಅಷ್ಟು ಹೇಳಿ ಮುಗಿಸಲು ಅವಳಿಗೆ ಸಾಕಷ್ಟು ಹೊತ್ತು ಹಿಡಿಯಿತು. ಕಾಕು ಪೂರ್ತಿ ಕಾದರು. ಒಂದು ಶಬ್ದವನ್ನೂ ತಾವು ಮುಗಿಸಿಕೊಡಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಆದರೂ ಬಾಯಿ ತೆರೆಯಲಿಲ್ಲ. ಅಕ್ಕ ಮಾತ್ರ ಸೋತವಳ ಹಾಗೆ ಕಾಣುತ್ತಿರಲಿಲ್ಲ, ಮುದ್ದೇಬಿಹಾಳದವನ ಕಡೆ ನೋಡಿ ಗಲ್ಲ ಎತ್ತಿ ಶಭಾಷ್ ಅನ್ನುವ ಹಾಗೆ ನಕ್ಕಳು.

ಬೋಚಿಯಾ ಅಲ್ಲಿಗೇ ನಿಂತಿತು. ಮೇಡಂಗೆ ಬೇರೆ ಕಡೆ ವರ್ಗವಾಯಿತು, ಮತ್ತೆ ಪಂದ್ಯ ನಡೆಸುವವರು ಬರಲಿಲ್ಲ. ಆದರೆ ಕಾಕು ಬದಲಾದರು. ಏನಾದರೂ ಕೇಳಿದರೆ “ಅಕಿನ್ನ ಕೇಳ್ರಿ” ಎನ್ನತೊಡಗಿದರು. ಬಾಯಿಗೆ ಬಂದದ್ದನ್ನು ನುಂಗಿ ಕೂರುವುದು ಅವರಿಗೆ ಎಷ್ಟು ಕಷ್ಟ ಎಂಬುದು ಕುತ್ತಿಗೆಯ ನರದಲ್ಲೇ ಕಾಣುತ್ತಿತ್ತು. ಅಕ್ಕನಿಗೆ ಖಾರ ಆಗಿ ಬರುವುದಿಲ್ಲವೆಂಬುದು ಶುದ್ಧ ಸುಳ್ಳು ಎಂದು ಆಮೇಲೆ ತಿಳಿಯಿತು. ಅವಳು ರೊಟ್ಟಿಗೆ ನನಗಿಂತ ಹೆಚ್ಚು ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಳ್ಳುವವಳು. ನನ್ನ ಮದುವೆಯ ಜವಳಿಗೆ ಹೋದಾಗ ಕಾಕು ಅಂಗಡಿಯ ಗಾದಿಯ ಮೇಲೆ ಸೀರೆಗಳಿಗೆ ಬೆನ್ನು ಮಾಡಿ, ಮಗಳ ಮುಖ ನೋಡುತ್ತ ಕೂತರು. ಅಂಗಡಿಯವನು ಕಕ್ಕಾಬಿಕ್ಕಿಯಾದ. ಅಕ್ಕ ತನಗೆಂದು ಆರಿಸಿದ್ದು ಹಸಿರು ಸೀರೆ.

ಮೂರು ವರ್ಷದ ಹಿಂದೆ ಕಾಕು ತೀರಿಕೊಂಡರು… ನಾನು ಮಾತಾಡಿಸಲು ಹೋದಾಗ ಪಡಸಾಲೆಯ ತುಂಬ ಬಂಧುಗಳು. ಅಕ್ಕ ಇನ್ನು ಇಂಡಿಯಲ್ಲೋ, ಚಿಕ್ಕಮ್ಮನ ಮನೆಯಲ್ಲೋ ಎಂಬ ಮಾತು ಅವಳ ತಲೆಯ ಮೇಲೇ ಓಡಾಡುತ್ತಿತ್ತು. ಅಕ್ಕ “ಇಲ್ಲೇ… ಇರ್ತೇನಿ” ಎಂದಳು. ಯಾರೂ ಕೇಳಲಿಲ್ಲ. ಮತ್ತೆ ಮೊದಲಿನಿಂದ ಹೇಳಿದಳು. ಅಣ್ಣನಿಗೆ ಕೇಳುವವರೆಗೂ ಹೇಳುತ್ತಲೇ ಇದ್ದಳು. ಈಗ ಆ ಮನೆಯಲ್ಲೇ ಇದ್ದಾಳೆ, ಜೊತೆಗೆ ಅಣ್ಣ ಗೊತ್ತು ಮಾಡಿದ ಹೆಂಗಸೊಬ್ಬಳು.

ಪೈಪಿನವನು ಹೋದ ಮರುದಿನ ಸಿಂದಗಿ ಬಸ್ಸು ಹತ್ತಿದೆ. ಅಕ್ಕನ ಕೂದಲು ನೆರೆತಿದೆ. ಮನೆ ಚೊಕ್ಕಟವಿತ್ತು, ಆ ಹೆಂಗಸು ಒಳ್ಳೆಯವಳು. “ನಮಗ ಈಗ ಚಾ ಬ್ಯಾಡ್ರಿ, ಆಗೇತಿ” ಎಂದು ನಗುತ್ತಲೇ ಹೇಳಿ ನನಗೆ ಮಾತ್ರ ಒಂದು ಕಪ್ ಚಹಾ ತಂದಿಟ್ಟು ಒಳಗೆ ಹೋದಳು.

ಅಕ್ಕ ನನ್ನನ್ನು ನೋಡಿ ಮಾತು ಶುರು ಮಾಡಿದಳು. “ಎಲ್ಲಾರೂ… ನನ್ನ… ಛಲೋ… ನೋಡಕೋತಾರ…” ಮುಂದಿನದು ನನಗೆ ಆಗಲೇ ತಿಳಿದುಹೋಗಿತ್ತು, ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಬಿಗಿಹಿಡಿದು ಕೂತೆ. ಅವಳ ಗಲ್ಲ ಎಳೆಯಿತು, ಭುಜ ಎತ್ತಿತು, ಚಹಾದ ಮೇಲೆ ಕೆನೆ ಕಟ್ಟಿತು.

“ಯಾರೂ… ಕಾಯಂಗಿಲ್ಲ.”